ದೊಡ್ಡವ್ವನ ಕೌದಿ ಮೀಟಿಂಗು

ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಈವರೆಗೆ ಯಾವ ಸಾಫ್ಟ್‌ವೇರ್ ಕಂಪನಿಯಲ್ಲೂ ಕೆಲಸ ಮಾಡಿಲ್ಲ. ಅದು ಆ ಕಂಪನಿಗಳು ಮಾಡಿದ ಪುಣ್ಯ! ಯಲಬುರ್ಗಾದಲ್ಲಿ ಅರ್ಧ ಊರಿನ ಸೀರೆಗಳಿಗೆ ಜಂಪರ್ ಹೊಲಿದುಕೊಟ್ಟ ಈ ಮಹಾತಾಯಿ ಮ್ಯಾನೇಜರ್ ಆದರೆ ಏನಾಗುತ್ತದೆ ಎಂಬುದನ್ನು ಗಂಗಾವತಿಯ ನನ್ನ ತವರಿನಲ್ಲೇ ಕಣ್ಣಾರೆ ಕಂಡಿದ್ದೇನೆ.

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು ಲ್ಯಾಪ್‌ಟಾಪನ್ನೂ ಕಟ್ಟಿಕೊಂಡು ಬಂದಿದ್ದೆ. ನಮ್ಮ ಸಾಫ್ಟ್‌ವೇರ್ ತಂಡದವರು ಒಬ್ಬೊಬ್ಬರು ಒಂದೊಂದು ಊರಲ್ಲಿ. ದಿನಾ ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ಸೇರಿ ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ನಿನ್ನೆ ಏನು ಮಾಡಿದೆ? ಇವತ್ತು ಏನು ಮಾಡುತ್ತೀ? ಏನಾದರೂ ಅಡ್ಡಿ ಇದೆಯಾ? ಮಾತು ಬೆಳೆಯಬಾರದೆಂದು ನಿಂತುಕೊಂಡೇ ಹೇಳಬೇಕು. ಬಾಣಂತನಕ್ಕೆಂದು ಮೊದಲೇ ಬಂದಿಳಿದಿದ್ದ ದೊಡ್ಡವ್ವ ನನ್ನ ಬೆನ್ನ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು.

"ಇಷ್ಟಕ್ಕ ಪಗಾರ ಕೊಡ್ತಾರೇನ? ನಡಿ, ನಾವೂ ಮಾಡೂಣು. ಕೌದಿ ಹೊಲಿಯೂಣು."

ಹುಟ್ಟುವ ಕೂಸಿಗೆ ಹಳೆ ಸೀರೆಗಳ ಕೌದಿ ಹೊಲಿಯುವುದು ನಮ್ಮ ಪದ್ಧತಿ. ದೊಡ್ಡವ್ವ ಅದನ್ನು ನಾಲ್ಕು ತುಂಡು ಮಾಡಿ ಅಕ್ಕತಂಗಿಯರಿಗೆ ಹಂಚಿದಳು. ಒಂದು ತನಗೆ, ಒಂದು ಅವ್ವನಿಗೆ, ಒಂದು ಕೊಪ್ಪಳದ ಚಿಗವ್ವನಿಗೆ, ಕೊನೆಯದು ಕುಷ್ಟಗಿಯ ಸಣ್ಣವ್ವನಿಗೆ. ಈ ಸಣ್ಣವ್ವನದೇ ನಮಗೆಲ್ಲ ಚಿಂತೆ. ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಆಕೆ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ನನ್ನನ್ನು ಎತ್ತಿ ಆಡಿಸಿದವಳು ನನ್ನ ಸೀಮಂತದ ಕುಬಸಕ್ಕೂ ಬರಲಿಲ್ಲ. "ಬಸುರಿ ಮುಂದ ನಾ ಬರಬಾರದವಾ" ಅಂದುಬಿಟ್ಟಿದ್ದಳು. ಅವತ್ತು ನನಗೆ ಊಟ ಸೇರಿರಲಿಲ್ಲ.

"ಬರೂದು ಬ್ಯಾಡ ಬಿಡು, ಫೋನಿನ್ಯಾಗ ನಿಂದ್ರು ಸಾಕು" ಎಂದು ದೊಡ್ಡವ್ವ ಅವಳನ್ನೂ ಎಳೆದುಕೊಂಡಳು.

ಶುರುವಾಯಿತಪ್ಪಾ ಮೀಟಿಂಗು! ಫೋನ್ ಹಿಡಿಯುವ ಕೆಲಸ ನನ್ನದು. ಎಲ್ಲರೂ ನಿಲ್ಲಬೇಕು, ದೊಡ್ಡವ್ವ ಮಾತ್ರ ಕುರ್ಚಿಯಲ್ಲಿ. ಯಾಕೆಂದರೆ, "ಮ್ಯಾನೇಜರ್‌ಗೆ ಮಂಡಿನೋವು ಐತಿ." ದೂರದವರಿಗೊಂದು, ಹತ್ತಿರದವರಿಗೊಂದು ನಿಯಮ ಇರಬಾರದು ಎಂದು ನಾನು ಬಾಯ್ತಪ್ಪಿ ಹೇಳಿದ್ದಕ್ಕೆ, ಅದೇ ಮನೆಯಲ್ಲಿದ್ದ ಅವ್ವನೂ ಅಡುಗೆಮನೆಗೆ ಹೋಗಿ ಫೋನಿನಲ್ಲೇ ಹಾಜರಾಗಬೇಕಾಯಿತು. ಅವಳ ಮಾತು ನಮಗೆ ಎರಡೆರಡು ಸಲ ಕೇಳುತ್ತಿತ್ತು. ಮೊದಲು ಗೋಡೆಯಾಚೆಯಿಂದ, ಆಮೇಲೆ ಫೋನಿನಿಂದ!

"ನಿನ್ನಿ ಏನ್ ಮಾಡಿದಿ?" ಎಂದರೆ ಕೊಪ್ಪಳದ ಚಿಗವ್ವ, "ಬೀಗರು ಬಂದಿದ್ರಕ್ಕಾ, ಮಿಕ್ಸರ್ ಕೆಟ್ಟು ಕುಂತೈತಿ, ಮಂಡಾಳ ಒಗ್ಗರಣಿ ಮಾಡಿ..." ಎಂದು ಹೊರಟುಬಿಡುತ್ತಿದ್ದಳು. ದನಿ ಬಂದ್ ಮಾಡುವ ಗುಂಡಿಯನ್ನು ದೊಡ್ಡವ್ವ ಕಲಿತದ್ದು ಆಗಲೇ. "ಇಂಥಾದ್ದೊಂದು ಗುಂಡಿ ನಿಮ್ಮ ದೊಡ್ಡಪ್ಪಗೂ ಹಚ್ಚಿಸಬೇಕಿತ್ತು ನೋಡು!" ಎಂದು ಹಳಹಳಿಸಿದಳು.

ಸಣ್ಣವ್ವನ ಕಡೆಯಿಂದ ಮಾತ್ರ ಬರೀ ಸೀಲಿಂಗ್ ಫ್ಯಾನ್ ಕಾಣುತ್ತಿತ್ತು. "ಏನರ ಅಡ್ಡಿ ಐತೇನವಾ?" "ಏನಿಲ್ಲಕ್ಕಾ." ಅಷ್ಟೇ. ಫೋನ್ ಎತ್ತಿ ಹಿಡಿ ಎನ್ನಲು ನಾನು ಬಾಯಿ ತೆರೆದರೆ ದೊಡ್ಡವ್ವ ನನ್ನ ಕೈ ಚಿವುಟಿದಳು. ಕೆಲವು ದಿನಕ್ಕೆ ಫ್ಯಾನಿನ ಕೆಳಗೆ ಹಣೆ ಕಂಡಿತು. ಆಮೇಲೆ ಕಣ್ಣು. ಒಂದು ಬೆಳಿಗ್ಗೆ, ಹಲ್ಲಿನಿಂದ ದಾರ ಕಡಿಯುತ್ತಿದ್ದ ಇಡೀ ಮುಖ!

ಒಬ್ಬೊಬ್ಬರ ತುಂಡಿನ ಅಳತೆ ಏನೆಂದರೆ, ಉದ್ದ ಮೂರು ಗೇಣು, ಅಗಲ ಮೂರು ಗೇಣು.

"ಯಾರ ಗೇಣು ದೊಡ್ಡವ್ವ? ಟೇಪ್ ಹಿಡದು ಇಂಚಿನ್ಯಾಗ ಹೇಳಬಾರದೇನ?"

"ಅವರವರ ಗೇಣು" ಎಂದವಳೇ, ನನಗೆ ಗುಂಡಿ ಇಲ್ಲದ್ದರಿಂದ ಬಾಯಿಗೆ ಶೇಂಗಾ ಉಂಡಿ ತುರುಕಿದಳು.

ತುಂಡುಗಳು ಬಸ್ಸಿನಲ್ಲಿ ಕಂಡಕ್ಟರರ ಕೈಯಲ್ಲಿ ಬಂದವು. ನೆಲಕ್ಕೆ ಹಾಸಿ ನೋಡಿದರೆ, ಅಯ್ಯೋ! ಚಿಗವ್ವನದು ಜಮಖಾನೆ, ಸಣ್ಣವ್ವನದು ಕರವಸ್ತ್ರ! ನಾನು ತಲೆ ಮೇಲೆ ಕೈ ಹೊತ್ತೆ. ದೊಡ್ಡವ್ವ ಮಾತ್ರ ತಣ್ಣಗೆ ಮೀಟಿಂಗ್ ಕರೆದಳು.

"ತಂಗೀ, ನಿನ್ನ ತುಂಡು ಸಣ್ಣದಾಗೈತಿ. ಕೌದಿ ಕೂಡವಲ್ದು. ಕೂಸಿಗೆ ಚಾಪಿನ ಗತಿ."

"ನಂದ್ಯಾಕ ಸಣ್ಣದು? ನಿಮ್ಮವು ದೊಡ್ಡವು!" ಫೋನಿನಲ್ಲಿ ಸಣ್ಣವ್ವನ ಮುಖ ಕೆಂಪೇರಿತು. "ನನ್ನ ಹೊಲಿಗಿಗೆ ಹೆಸರಿಡ್ತೀಯೇನಕ್ಕಾ? ಯಾರೂ ಮುಟ್ಟಬ್ಯಾಡ್ರಿ, ನಾನ ಬರತೀನಿ!"

ಮರುದಿನ ಸಣ್ಣವ್ವ ಕುಷ್ಟಗಿ ಬಸ್ಸಿನಿಂದ ಇಳಿದು ಬಂದೇಬಿಟ್ಟಳು. ಕೈಚೀಲದಲ್ಲಿ ಸೂಜಿ, ದಾರ, ಕಾಕಾನ ಮೆತ್ತನೆಯ ಹಳೆ ಧೋತರ. ಬಾಗಿಲಲ್ಲಿ ನನ್ನ ಹೊಟ್ಟೆ ಕಂಡದ್ದೇ ಹಿಂದೆ ಸರಿದಳು.

"ಏ, ಅಲ್ಲೇ ಯಾಕ ನಿಂತಿ?" ದೊಡ್ಡವ್ವ ಗದರಿದಳು. "ಮೀಟಿಂಗ್ ಮುಗೀತು. ಕುಂದರು ಬಾ."

ಸಣ್ಣವ್ವ ಬಂದು ನನ್ನ ಮಗ್ಗುಲಲ್ಲೇ ಕುಳಿತಳು. ನನ್ನ ಹೊಟ್ಟೆಯ ಮೇಲೆ ಒಮ್ಮೆ ಕೈಯಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಧೋತರ ಹರಿದು ತುಂಡುಗಳ ನಡುವಿನ ಸಂದಿಗೆ ತುಂಬತೊಡಗಿದಳು.

ನಾನು ದೊಡ್ಡವ್ವನನ್ನು ಪಡಸಾಲೆಗೆ ಎಳೆದೊಯ್ದೆ. "ಅಷ್ಟು ಜಂಪರ್ ಹೊಲದಾಕಿ ನೀನು. ಈ ಗೇಣಿನ ಲೆಕ್ಕ ಹೆಂಗ ತಪ್ಪಿತು?"

ಅವಳು ಒಳಗೆ ಇಣುಕಿ ದನಿ ತಗ್ಗಿಸಿದಳು. "ಸರಿ ಬಂದಿದ್ರ ಆಕಿ ಬರ್ತಿದ್ಲೇನ, ಹುಚ್ಚೀ?"

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ, ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ, ಸಣ್ಣವ್ವನ ಜೋರು ದನಿ ಕೇಳಿತು. "ಯಾರದಿದು ಈ ಸೊಟ್ಟ ಹೊಲಿಗಿ? ಬರ್ರಿ ಇಲ್ಲೆ!"

"ನಂದ ತಂಗೀ, ನಂದ" ಎನ್ನುತ್ತ ನಮ್ಮ ಮಂಡಿನೋವಿನ ಮ್ಯಾನೇಜರ್ ಓಡಿಹೋಗಿ ಅವಳೆದುರು ಕೈಕಟ್ಟಿ ನಿಂತಳು.