ಕೂಸಿನ ಕಣ್ಣು ಯಾರ ಕಡೇದು?

ನಮ್ಮ ಕಡೆ ಕೂಸು ಹುಟ್ಟಿದರೆ ಮೊದಲು ಪಾಲು, ಆಮೇಲೆ ನಾಮಕರಣ. ಮೂಗು ಯಾರದು, ಹಣೆ ಯಾರದು ಅಂತ ಎರಡೂ ಮನೆಯವರು ಜಗಳಕ್ಕೆ ನಿಲ್ಲೋದು ಇವತ್ತಿಗೂ ತಪ್ಪಿಲ್ಲ. ಐವತ್ತರ ದಶಕದಲ್ಲಿ ನನ್ನ ಚೊಚ್ಚಲ ಮಗ ಹುಟ್ಟಿದಾಗ ನಡೆದದ್ದನ್ನಂತೂ ನಾನು ಈಗಲೂ ಎದೆ ಉಬ್ಬಿಸಿಕೊಂಡೇ ಹೇಳ್ತೀನಿ.

೧. ಪಾಲು

ನನ್ನ ತವರು ಹರಿಹರ. ಗಂಡನ ಮನೆ ದಾವಣಗೆರೆ, ಮಾವನವರದು ಜವಳಿ ಅಂಗಡಿ. ಕೂಸು ನೋಡಲು ಹರಿಹರಕ್ಕೆ ಬಂದ ಅತ್ತೆ ತೊಟ್ಟಿಲ ಮುಂದೆ ಕೂತು ತೀರ್ಪು ಕೊಟ್ಟರು: "ಮೂಗು ನಮ್ದು. ಹಣೆ ನಮ್ದು. ಬಣ್ಣನೂ ನಮ್ದೇ." ಅಷ್ಟರಲ್ಲಿ ಕೂಸು ಕಿಟಾರನೆ ಕಿರುಚಿತು. ಕೂಡಲೇ ಅತ್ತೆ ಅಂದರು, "ಈ ಗಂಟ್ಲು ಮಾತ್ರ ನಿಮ್ಮ ಹರಿಹರದ್ದು!"

ನಮ್ಮವ್ವ ಸುಮ್ಮನಿರೋ ಪೈಕಿ ಅಲ್ಲ. "ಎಲ್ಲಾ ನಿಮ್ದೇ ಆದ್ರೆ ಹೆರಿಗೆ ಬ್ಯಾನಿನೂ ನೀವೇ ತಿನ್ನಬೇಕಿತ್ತಲ್ರಿ, ಬೀಗ್ತೇರ!"

೨. ಜೋಗುಳ

ನಾಮಕರಣದ ದಿನ ಅತ್ತೆ ತೊಟ್ಟಿಲು ತೂಗುತ್ತಾ ಜೋಗುಳ ಹಾಡಿದ್ದೇ ಹಾಡಿದ್ದು. ಕೂಸು ಕಣ್ಣು ಬಿಟ್ಟೇ ಇತ್ತು. ಅವರ ಗಂಟಲು ಕಟ್ಟಿತು. "ಯಾಕ ಮಲಗವಲ್ದು?" ಅಂತ ಬಗ್ಗಿ ನೋಡಿದರೆ ಸಣ್ಣಗೆ ಗೊರಕೆ! ಕಣ್ಣು ಅರ್ಧ ತೆರೆದೇ ನಿದ್ದೆ.

"ಅಯ್ಯಯ್ಯೋ! ನಮ್ಮ ವಂಶದಾಗ ಹಿಂಗೆ ಯಾರೂ ಇಲ್ಲ. ಇದು ವಾಸಿ ಆಗೋತನಕ ತಾಯಿ, ಮಗ ಇಲ್ಲೇ ಇರ್ಲಿ," ಅಂದುಬಿಟ್ಟರು. ಇನ್ನು ಗಂಡನ ಮನೆ ಬಾಗಿಲು ಮುಚ್ಚಿತಲ್ಲ ಅಂತ ನನಗೆ ಅಳು ಬಂತು. ಕೂಸು ಮಾತ್ರ ಅಜ್ಜಿಯನ್ನೇ ನೋಡುತ್ತಾ ಗೊರಕೆ ಹೊಡೀತಿತ್ತು.

೩. ತಪಾಸಣೆ

ದಾವಣಗೆರೆ ಪಿ.ಜೆ. ಬಡಾವಣೆಯ ಡಾಕ್ಟರಿಗೆ ಕೂಸನ್ನು ತೋರಿಸಿದರೆ ಅವರು ನಕ್ಕರು. "ರೋಗ ಅಲ್ಲಮ್ಮ, ಕೆಲವು ಮನೆತನದಲ್ಲಿ ಹಿಂಗೆ ಬರ್ತದೆ. ಹಿರಿಯರಲ್ಲಿ ಯಾರಿಗೋ ಇರಬೇಕು, ಹುಡುಕಿ."

ಹುಡುಕಿದೆ. ಮಧ್ಯಾಹ್ನ ಉಂಡು ಮಲಗಿದ ಅಪ್ಪ, ಅವ್ವ, ಅಣ್ಣಂದಿರ ಮುಖಕ್ಕೆ ಮುಖವಿಟ್ಟು ನೋಡಿದೆ. ಎಲ್ಲರದೂ ಗಟ್ಟಿಯಾಗಿ ಮುಚ್ಚಿದ ಕಣ್ಣೇ. ಕೊನೆಗೆ ನಮ್ಮಜ್ಜಿ ಮೇಲೆ ಬಗ್ಗಿದಾಗ ಅಜ್ಜಿಗೆ ಎಚ್ಚರಾಯ್ತು. "ಇನ್ನೂ ಉಸಿರೈತೆ ಬಿಡವ್ವ, ನನ್ನ ಬಂಗಾರದ ಬೋರಮಾಳ ಸರ ಆಮ್ಯಾಲೆ ಕೇಳು!"

೪. ಗಾದಿ

ಅಮಾವಾಸ್ಯೆ ದಿನ ಅಂಗಡಿ ಪೂಜೆಗೆ ಕರೆ ಬಂತು. ಪೂಜೆ ಮುಗಿಸಿಕೊಂಡು ಹರಿಹರಕ್ಕೆ ವಾಪಸ್ ಹೋಗಬೇಕು ಅಂತ ಅತ್ತೆಯ ಷರತ್ತು. ಮಾವ ಅಂಗಡಿಯಲ್ಲಿ ಸಿಂಹ. ಗಾದಿ ಮೇಲೆ ಕೂತು ಕಣ್ಣು ನೆಟ್ಟರೆ ಗುಮಾಸ್ತರು ಕೆಮ್ಮಲೂ ಹೆದರ್ತಾರೆ ಅಂತ ಪೇಟೆಯಲ್ಲೆಲ್ಲ ಮಾತು.

ಹೋಳಿಗೆ ಊಟ ಆದಮೇಲೆ ಮಾವ ಮೊಮ್ಮಗನನ್ನು ತೊಡೆ ಮೇಲೆ ಹಾಕಿಕೊಂಡು ಗಾದಿಗೆ ಒರಗಿದರು. ಸ್ವಲ್ಪ ಹೊತ್ತು ಬಿಟ್ಟು ಹಾಲು ಕುಡಿಸಲು ಹೋಗಿ "ಮಾವಾರೆ" ಅಂದೆ. ಅಜ್ಜ, ಮೊಮ್ಮಗ ಇಬ್ಬರೂ ನನ್ನನ್ನೇ ನೋಡ್ತಿದ್ದಾರೆ, ಇಬ್ಬರೂ ಗೊರಕೆ ಹೊಡೀತಿದ್ದಾರೆ!

"ಅತ್ತೇರೇ, ಬರ್ರಿ ಇಲ್ಲಿ!" ಅಂತ ಕೂಗಿದೆ. ಓಡಿ ಬಂದ ಅತ್ತೆ ನನ್ನ ಬಾಯಿ ಮುಚ್ಚಿದರು. "ಮೆಲ್ಲಗ! ನಂಗೆ ಮದುವೆ ಆದಾಗಿಂದ ಗೊತ್ತೈತೆ. ಗುಮಾಸ್ತರಿಗೆ ತಿಳಿದ್ರೆ ಅಂಗಡಿ ಕಥೆ ಮುಗೀತು!"

ಅದಕ್ಕೇ ಎಲ್ಲಾ ಹರಿಹರದ ತಲೆಗೆ ಕಟ್ಟಿದ್ದು! ಸಿಟ್ಟು ಬಂತು, ಅದಕ್ಕಿಂತ ಜೋರಾಗಿ ನಗು ಬಂತು.

ಹಿಂದುಗಡೆ ಚಾಪೆ ಹಾಸುತ್ತಿದ್ದ ಹಿರಿ ಗುಮಾಸ್ತ ಹೇಳಿದ, "ನಮಗೂ ಗೊತ್ತೈತ್ರಿ ಅಮ್ಮಾರೆ. ಯಜಮಾನ್ರ ಗೊರಕೆ ಶುರುವಾದ ಮ್ಯಾಲೇ ನಾವೂ ಅಡ್ಡಾಗೋದು."

ಅವತ್ತು ಸಂಜೆ ನಾನು ಹರಿಹರಕ್ಕೆ ಹೋಗಲಿಲ್ಲ. ಕೂಸು ಎತ್ತಿಕೊಂಡು ಗಂಡನ ಮನೆ ಹೊಸ್ತಿಲ ಮುಂದೆ ನಿಂತು, ಓಣಿಗೆಲ್ಲ ಕೇಳೋ ಹಾಗೆ ಕೂಗಿದೆ: "ಅತ್ತೇರೇ, ಕೂಸಿನ ಕಣ್ಣು ಯಾರ ಕಡೇದು?"

ಅತ್ತೆ ಆರತಿ ತಟ್ಟೆ ಹಿಡಿದು ಓಡಿ ಬಂದರು.

"ನಮ್ದೇ ಕಣ್ಣವ್ವಾ, ನಮ್ದೇ! ಒದರೋ ಗಂಟ್ಲು ಮಾತ್ರ ನಿಮ್ಮ ಹರಿಹರದ್ದು. ಒಳಗ ಬಾ!"