ಮೂವತ್ತೆಂಟು ಕುರಿಗಳ ನಾಪತ್ತೆ ಪ್ರಕರಣ

ನನ್ನ ತಲೆ ಪೂರ್ತಿ ವಾಸಿಯಾಗಿದೆ ಎಂದು ನಲವತ್ತೊಂದನೆಯ ದಿನ ಬೆಳಿಗ್ಗೆ ದಿನಚರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಮಡಕಶಿರಾದ ಬೋರ್ಡ್ ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು. ಶಾಲೆಯ ತಗ್ಗು ಬಾಗಿಲಲ್ಲಿ "ತಲೆ ಬಗ್ಸ್ರೋ!" ಎಂದು ಮಕ್ಕಳನ್ನು ಎಚ್ಚರಿಸುತ್ತಾ, ಬಗ್ಗದೆ ನಡೆದವನು ನಾನೊಬ್ಬನೇ! "ಮೆದುಳು ಸ್ವಲ್ಪ ಅಲುಗಿದೆ, ಹದಿನೈದು ದಿನ ಸುಮ್ನಿರಿ" ಎಂದರು ಡಾಕ್ಟರು. ರಾಯದುರ್ಗದ ಬಳಿಯ ನಮ್ಮೂರಿಗೆ ಬಂದು ಸುಮ್ಮನಿದ್ದೆ. ನಲವತ್ತು ದಿನಗಳಲ್ಲಿ ತಲೆನೋವು ಅರವತ್ತೆರಡು ಸಲ, ತಲೆಸುತ್ತು ಇಪ್ಪತ್ತಮೂರು ಸಲ. ಮರೆವಿನ ಲೆಕ್ಕ ಬರೆಯಲು ಮರೆತಿದ್ದೇನೆ.

ಹೆಡ್‌ಮಾಸ್ತರರ ಕಾಗದ ಬಂದಿತ್ತು: ಸೋಮವಾರ ಬರಬೇಕು, ಇಲ್ಲವೇ ಬರಲಾಗದೆಂದು ಬರೆದುಕೊಡಬೇಕು, ಬೇರೆ ಮೇಷ್ಟ್ರು ಸಿದ್ಧರಿದ್ದಾರೆ.

"ಸಂಜೀಗೆ ಕುರಿ ನೀನ ಎಣಿಸು" ಎಂದ ಅಣ್ಣ. "ಲೆಕ್ಕ ಸರಿ ಬಂದ್ರ ನಾನ ಬಂಡಿ ಕಟ್ಟಿ ಕಳಸ್ತೀನಿ."

ಇದೂ ಒಂದು ಪರೀಕ್ಷೆಯೇ! ನಮ್ಮವು ಎಪ್ಪತ್ತಾರು ಕುರಿ. ರೊಪ್ಪದ, ಅಂದರೆ ಕುರಿದೊಡ್ಡಿಯ, ಕಂಡಿಯಲ್ಲಿ ಎರಡೆರಡಾಗಿ ಒಳಗೆ ಬಿಟ್ಟು, ಜೋಡಿಗೆ ಒಂದರಂತೆ ಎಣಿಸುವುದು ನಮ್ಮ ವಾಡಿಕೆ. ಹಾಗೆಯೇ ಎಣಿಸಿದೆ. ಮೂವತ್ತೆಂಟು ಬಂತು. ಬರೆದೆ. ಎಪ್ಪತ್ತಾರರಲ್ಲಿ ಕಳೆದೆ. ಉಳಿದದ್ದೂ ಮೂವತ್ತೆಂಟು!

"ಅಣ್ಣಾ, ಅರ್ಧ ಮಂದೆ ಹೋತು! ತೋಳ!"

ಮೇಷ್ಟ್ರು ಬರೆದು ಕಳೆದ ಲೆಕ್ಕವನ್ನು ಯಾರು ಅನುಮಾನಿಸುತ್ತಾರೆ? ಓಣಿಯ ಗಂಡಸರೆಲ್ಲ ಬಡಿಗೆ ಹಿಡಿದು, ಕನ್ನಡದಲ್ಲೂ ತೆಲುಗಿನಲ್ಲೂ ಕೂಗುತ್ತಾ ಗುಡ್ಡಕ್ಕೆ ಓಡಿದರು. ಅಣ್ಣ ಕೆರವನ್ನೂ ಮೆಟ್ಟಲಿಲ್ಲ. ನಾನು ಹತ್ತು ಹೆಜ್ಜೆಗೇ ತಲೆ ಸುತ್ತಿ ಕುಳಿತೆ. ಇಪ್ಪತ್ತನಾಲ್ಕನೆಯ ಸಲ!

ನನ್ನ ಹೆಂಡತಿ ಗೌರಿ ರೊಪ್ಪದೊಳಗೆ ಇಣುಕಿದಳು. "ಏನ್ರೀ, ಕಾಲಿಡಾಕ ಜಾಗಿಲ್ಲ, ರೊಪ್ಪ ತುಂಬೇತಲ್ರೀ!"

"ಇರೋದು ಮೂವತ್ತೆಂಟೇ. ನೋಡು" ಎಂದು ಪುಸ್ತಕ ತೋರಿಸಿದೆ.

"ಮೂವತ್ತೆಂಟು ಜೋಡಿ ಅಲ್ಲೇನ್ರೀ?"

ಎರಡರ ಮಗ್ಗಿ ಬಾರದ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸಿದವನು ನಾನು! ಅಲ್ಲಿ ಯಾವ ಮೂಲೆಯೂ ಖಾಲಿ ಇರಲಿಲ್ಲ. ಎಲ್ಲದರಲ್ಲೂ ಕುರಿ.

ಅಣ್ಣ ಅಂಗಾಲಿನ ಜಾಲಿಮುಳ್ಳಿನೊಂದಿಗೆ ಕುಂಟುತ್ತಾ ಬಂದ. "ಅದಾವೇನು? ಹೋಗ್ಲಿ ಬಿಡು." ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿದರೆ ಕಿವಿ ಹಿಂಡುತ್ತಿದ್ದವನು, ಈಗ ಗಾಯದ ಜಾಗ ತಪ್ಪಿಸಿ ನನ್ನ ತಲೆ ಸವರಿದ. ಕಿವಿ ಹಿಂಡಿದ್ದರೆ ಚೆನ್ನಾಗಿತ್ತು.

ಮರುದಿನ ಹೆಡ್‌ಮಾಸ್ತರರಿಗೆ ಕಾಗದ ಬರೆದೆ. ಗೌರಿ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದಳು. "ಒಂದೂ ತಪ್ಪಿಲ್ರೀ!" ಎಂದು ಹಿಗ್ಗಿದವಳು, ಆಮೇಲೆ ಮುಖ ತಿರುಗಿಸಿಕೊಂಡಳು.

ತಲೆಗೆ ಪೆಟ್ಟು ಬಿದ್ದ ಮೇಲೆ ನಾನು ತಪ್ಪಿಲ್ಲದೆ ಮಾಡಿದ ಮೊದಲನೆಯ ಕೆಲಸ, ನನ್ನಿಂದ ಕೆಲಸವಾಗದು ಎಂದು ಬರೆದುಕೊಟ್ಟದ್ದು!