ಪಾಕಕ್ಕೆ ಬಿದ್ದ ಕೆಂಪು ಹರಳು

"ಇನ್ನ ಮ್ಯಾಲ ಈ ಮನಿ ಮಂದಿ ಬೆಳ್ಳಿ ಸಾಮಾನಿಗಂತ ನಿಪ್ಪಾಣಿ ಪ್ಯಾಟಿ ತುಳಿಯೂದ ಬ್ಯಾಡ! ಏನ ಬೇಕೋ ನನಗ ಹೇಳ್ರಿ, ನಾ ಮಾಡಿ ಕೊಡ್ತೇನಿ!"

ಏಕಸಂಬಿಯ ಹೊಳೆವ್ವ ಹೀಗೆಂದು ಸಾರಿದ್ದು ರೊಟ್ಟಿ ತಟ್ಟುತ್ತಿದ್ದ ಸೊಸೆ ರಾಜೇಶ್ವರಿಯ ಮುಂದೆ. ಆಗ ಹೊಳೆವ್ವನ ವಯಸ್ಸು ಅರವತ್ತೆಂಟು, ಓದು ಎರಡನೆಯ ಇಯತ್ತೆ, ಬೆಳ್ಳಿ ಕೆಲಸದ ಅನುಭವ ಹದಿನೇಳು ದಿನ. ಅದರಲ್ಲಿ ಮೂರು ದಿನ ಬೆರಳು ಸುಟ್ಟುಕೊಂಡು ಕುಳಿತದ್ದು!

ಈ ಹುಚ್ಚು ಹತ್ತಿಸಿದ್ದು ಮೊಮ್ಮಗಳು ಮಾಯಾಳ ಮೊಬೈಲು. ಅದರಲ್ಲಿ ಯಾರೋ ಒಬ್ಬಳು ಬೆಳ್ಳಿಯ ಬಟ್ಟಲಿನಲ್ಲಿ ನುಣ್ಣನೆಯ ಕಲ್ಲನ್ನಿಟ್ಟು, ಸುತ್ತಲಿನ ಅಂಚನ್ನು ಮೆಲ್ಲಗೆ ಒತ್ತಿ ಒತ್ತಿ ಉಂಗುರ ಮಾಡುತ್ತಿದ್ದಳು. ಹೊಳೆವ್ವ ಅದನ್ನು ಒಂದೇ ಸಲ ನೋಡಿ, "ಇಷ್ಟನ? ಕಡಬಿನ ಅಂಚ ಒತ್ತಿದಂಗ ಐತಿ!" ಎಂದಳು. ಮುಂದಿನ ಅಮಾವಾಸ್ಯೆಗೆ ಯಡೂರಿಗೆ ಹೋದವಳು ವೀರಭದ್ರನಿಗೆ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದಳು. ಇನ್ನೊಂದು ಕೈಯಲ್ಲಿ ಹೊಳೆದಂಡೆಯಲ್ಲಿ ಆರಿಸಿದ ಕಲ್ಲುಗಳಿದ್ದವು. ಅವನ್ನು ಉಸುಕಿನ ಕಾಗದದಿಂದ ತಿಕ್ಕಿ, ಶೇಂಗಾ ಎಣ್ಣೆ ಸವರಿ, ಮತ್ತೆ ತಿಕ್ಕಿ, ಕೊನೆಗೆ ಮುಖ ಕಾಣುವಂತೆ ಮಾಡಿದಳು. ಕಂಡ ಮುಖವೂ ತನ್ನದೇ ಆದ್ದರಿಂದ ಹೆಮ್ಮೆ ಇಮ್ಮಡಿಯಾಯಿತು.

ಮೊದಲ ಉಂಗುರ ಸೊಸೆಯ ಬೆರಳಿಗೇರಿತು. ಮುಂಜಾನೆ ಏರಿದ ಹರಳು ಮಧ್ಯಾಹ್ನದ ಊಟದವರೆಗೆ ಕುಳಿತಿತ್ತು. ಆಮೇಲೆ ಮಗ ಭೀಮಸಿ ಊಟಕ್ಕೆ ಕುಳಿತು ಕಟಕ್ಕೆಂದು ಕಡಿದ.

"ರಾಜೀ, ಝುಣಕದಾಗ ಕಲ್ಲ ಬಂದೈತಲ್ಲ!"

"ಕಲ್ಲಲ್ಲೋ ಖೋಡಿ, ಹರಳ ಅದು! ನುಂಗೀಗಿಂಗೀ, ತಗದ ಇಡು!" ಎಂದು ಹೊಳೆವ್ವ ಅಂಗೈ ಚಾಚಿದಳು.

ಇಂಥ ಕೀರ್ತಿ ಸೊಸೆಯ ತವರು ಕೊಗನೊಳ್ಳಿಯವರೆಗೂ ಹೋಗದೆ ಇದ್ದೀತೆ? ಹೋಯಿತು. ಮುಟ್ಟಿಸಿದವಳು ರಾಜೇಶ್ವರಿ, ಮುಟ್ಟಿದ್ದು ಅವಳ ತಾಯಿ ಲಕ್ಕವ್ವನ ಕಿವಿಗೆ.

ಲಕ್ಕವ್ವ ಎಂದರೆ ಹೊಳೆವ್ವನ ಬೀಗತಿ. ಇಪ್ಪತ್ತೈದು ವರ್ಷಗಳ ಬೀಗತನದಲ್ಲಿ ಇಬ್ಬರ ನಡುವಿನ 'ರೀ' ಎಂಬುದು ಎಂದೋ ಸವೆದುಹೋಗಿತ್ತು. ಮಾಯಾ ನರ್ಸಿಂಗ್ ಮುಗಿಸಿ ಸೋಮವಾರ ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವವಳಿದ್ದಳು. ಅದನ್ನು ನೋಡಲೆಂದು ಲಕ್ಕವ್ವ ಶುಕ್ರವಾರ ಸಂಜೆಯೇ ಬಂದಿಳಿದಳು. ಬಂದವಳು ಸೀರೆಯ ಸೆರಗಿನ ಗಂಟು ಬಿಚ್ಚಿ, ಹತ್ತಿಯಲ್ಲಿ ಸುತ್ತಿದ ಒಂದು ಕೆಂಪು ಹರಳನ್ನು ಹೊರತೆಗೆದಳು. ತೊಗರಿಬೇಳೆಯಷ್ಟು ಅಗಲ, ಕೆಂಡದಂಥ ಬಣ್ಣ.

"ನಮ್ಮವ್ವನ ನತ್ತಿನಾಗಿಂದು. ನತ್ತ ಹೋತು, ಅವ್ವನೂ ಹೋದ್ಳು. ಇದೊಂದ ಉಳದೈತಿ. ಮಾಯಾಗ ಉಂಗರದಾಗ ಹಾಕಿಸಿ ಕೊಡೂಣು. ನಾಳಿಗೆ ನಿಪ್ಪಾಣಿಗೆ ಹೋಗಿ ಆ ಗಂಗಾರಾಮ ಪತ್ತಾರನ ಕೈಯಾಗ ಕೊಟ್ಟ ಬರೂಣು."

"ಯಾಕ? ನನ್ನ ಕೈಗೇನ ಬ್ಯಾನಿ ಬಂದೈತಿ?"

"ಬೀಗತಿ, ಇದು ನಮ್ಮವ್ವನ ಮೂಗಿನಾಗ ಕುಂತ ಹರಳ. ಝುಣಕದಾಗ ಕೂಡೂದಲ್ಲ."

ಹೊಳೆವ್ವ ಸೊಸೆಯತ್ತ ನೋಡಿದಳು. ಸೊಸೆ ಒಲೆಯತ್ತ ನೋಡಿದಳು.

"ಅದು ಮೊದಲನೇದ ಇತ್ತ, ಕೈ ಕುಂತಿರಲಿಲ್ಲ. ಈಗ ನೋಡು! ಈ ಹರಳ ನನ್ನ ಕೈಯಾಗ ಕಳೀತಂದ್ರ ನನ್ನ ಹೆಸರ ಹೊಳೆವ್ವ ಅಲ್ಲ!"

"ನಿನ್ನ ಹೆಸರ ಬದಲಾದ್ರ ನನಗೇನ ಬಂತು? ನನಗ ಹರಳ ಬೇಕ."

ಅಷ್ಟು ಹೇಳಿದರೂ ಲಕ್ಕವ್ವ ಹರಳನ್ನು ಕೊಟ್ಟೇಬಿಟ್ಟಳು. ಮೊಮ್ಮಗಳು ಇಬ್ಬರಿಗೂ ಒಬ್ಬಳೇ. ಉಂಗುರದಲ್ಲಿ ಒಬ್ಬ ಆಯಿಯ ಹರಳು, ಇನ್ನೊಬ್ಬ ಆಯಿಯ ಕೈಕೆಲಸ ಎಂದರೆ ಚಂದವೇ ಅಲ್ಲವೇ? ಆದರೆ ಕೊಡುವಾಗ ಹರಳನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಅದನ್ನು ಕಂಡರೂ ಹೊಳೆವ್ವನ ಬಾಯಿ ಸುಮ್ಮನಾಗಲಿಲ್ಲ.

ಶನಿವಾರ ಮುಂಜಾನೆ ಶಸ್ತ್ರಾಸ್ತ್ರಗಳು ಕಟ್ಟೆಯ ಮೇಲೆ ಸಾಲಾಗಿ ಕುಳಿತವು: ಒಂದು ಇಕ್ಕಳ, ಒಂದು ಮೊಂಡ ಮೊಳೆ, ಚಮಚದ ಹಿಡಿಕೆ, ಮಾಯಾಳ ಉಗುರು ಕತ್ತರಿ. ಉಂಗುರದ ಇನ್ನೂ ಬಗ್ಗಿಸದ ಪಟ್ಟಿ ಮತ್ತು ಅದಕ್ಕೆ ಬೆಸೆದ ಬೆಳ್ಳಿಯ ಪುಟ್ಟ ಬಟ್ಟಲು ಮೊದಲೇ ಗಂಗಾರಾಮನ ಅಂಗಡಿಯಿಂದ ತಂದಿಟ್ಟವು. ಹರಳು ಕೂಡಿಸುವುದಷ್ಟೇ ಹೊಳೆವ್ವನ ಪಾಲು. ಅವಳು ಬಟ್ಟಲಿನ ಅಂಚು ಒತ್ತಲು ಹೋದರೆ ಪಟ್ಟಿ ಜಾರಿತು. ಪಟ್ಟಿ ಹಿಡಿದರೆ ಹರಳು ಜಾರಿತು. ಹರಳು ಹಿಡಿದರೆ ಮೊಳೆ ಜಾರಿ ಹೆಬ್ಬೆರಳಿಗೆ ಚುಚ್ಚಿತು. ಆಗ ಗಂಗಾರಾಮ ಹೇಳಿದ ಮಾತು ನೆನಪಾಯಿತು: "ಮಾವಶಿ, ಕೆಲಸ ಮಾಡೂ ಮುಂದ ಬೆಳ್ಳಿ ಅಲಗಾಡಬಾರದ ನೋಡ್ರಿ. ಅರಗ ಕಾಸಿ, ಅದರಾಗ ಬೆಳ್ಳಿ ಹುಗದ, ಆರಿಸಿ, ಆಮ್ಯಾಲ ಒತ್ತರಿ."

ಆದರೆ ಅರಗು? ತರಲು ಮರೆತಿದ್ದಳು. ಈಗ ನಿಪ್ಪಾಣಿಗೆ ಹೊರಟರೆ ಲಕ್ಕವ್ವ "ನಾ ಹೇಳಿರಲಿಲ್ಲನ?" ಎನ್ನದೆ ಬಿಡುತ್ತಾಳೆಯೇ?

ಆ ಕ್ಷಣದಲ್ಲಿ ಹೊಳೆವ್ವನ ತಲೆಯಲ್ಲಿ ಜ್ಞಾನೋದಯವಾಯಿತು. ಅರಗಾದರೇನು, ಬೆಲ್ಲವಾದರೇನು! ಕಾಸಿದರೆ ಕರಗುವುದು, ಆರಿದರೆ ಕಲ್ಲಾಗುವುದು, ಅಂಟಿಕೊಂಡರೆ ಬಿಡದಿರುವುದು! ಗಂಡನಿದ್ದಾಗ ಅವರ ಕಬ್ಬಿನ ಹೊಲದಲ್ಲೇ ಗಾಣವಿತ್ತು. ಮೂವತ್ತು ಚಳಿಗಾಲ ಕೊಪ್ಪರಿಗೆಯ ಪಕ್ಕ ನಿಂತವಳು ಅವಳು. ಒಂದು ಹನಿ ಪಾಕ ನೀರಿಗೆ ಬಿಟ್ಟು, ಅದನ್ನು ತಾಟಿಗೆ ಬಡಿದು, 'ಠಣ್' ಎಂದರೆ ಯಾವ ಹದ, 'ಥಪ್' ಎಂದರೆ ಯಾವ ಹದ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಅರಗಿನ ವಿದ್ಯೆ ಗಂಗಾರಾಮನಿಗಿದ್ದರೆ ಪಾಕದ ವಿದ್ಯೆ ಇವಳಿಗಿಲ್ಲವೇ?

"ರಾಜೀ, ಬೆಲ್ಲದ ಡಬ್ಬಿ ಕೀಲಿ ಕೊಡು."

"ಬೆಲ್ಲ ಯಾಕ್ರಿ ಅತ್ತಿ?"

"ಬೆಳ್ಳಿ ಕೆಲಸಕ್ಕ."

"ಬೆಳ್ಳಿ ಕೆಲಸಕ್ಕ ಬೆಲ್ಲ ಯಾಕ್ರಿ?"

"ನೀ ಸಾಲಿ ಕಲ್ತಾಕಿ, ನಿನಗ ತಿಳಿಯಂಗಿಲ್ಲ."

ಸೊಸೆ ಕೀಲಿ ಕೊಟ್ಟು ದನಿ ತಗ್ಗಿಸಿದಳು. "ನಮ್ಮವ್ವನ ಕೈಗೆ ಸಿಗದಂಗ ನೋಡ್ಕೋರಿ ಮತ್ತ. ಸಕ್ಕರಿ ಬ್ಯಾನಿ ಭಾಳ ಏರೈತಿ, ಸೀ ಅನ್ನೂದ ಬಾಯಾಗ ಇಡಬಾರದಂತ ಡಾಕ್ಟರ ಹೇಳ್ಯಾರ. ಅದಕ್ಕ ಡಬ್ಬಿಗೆ ಕೀಲಿ ಹಾಕೇನಿ."

ಪಾಕ ಒಲೆಯ ಮೇಲೆ ಕುದಿಯತೊಡಗಿದಾಗ ಪಡಸಾಲೆಯಿಂದ ಲಕ್ಕವ್ವನ ದನಿ ಬಂತು: "ರಾಜೀ, ಏನವಾ ಘಮಘಮ ಅನ್ನಾಕತ್ತೈತಿ?"

"ಏನಿಲ್ಲ ಬೇ, ಅತ್ತಿಯವರ ಬೆಳ್ಳಿ ಕೆಲಸ!"

"ನಮ್ಮ ಊರಾಗ ಬೆಳ್ಳಿ ಇಷ್ಟ ಚೊಲೊ ನಾರೂದಿಲ್ಲ," ಎಂದಳು ಲಕ್ಕವ್ವ.

ಪಾಕ 'ಠಣ್' ಎಂದಿತು. ತಾಟಿಗೆ ಸುರಿದು ಬೆಳ್ಳಿಯನ್ನು ಹುಗಿದದ್ದೇ ತಡ, ಹತ್ತು ನಿಮಿಷದಲ್ಲಿ ಬಂಡೆಯಂತೆ ಬಿಗಿಯಾಯಿತು! ಹೊಳೆವ್ವ ಹರಳಿಟ್ಟು, ಮೊಳೆಯಿಂದ ಅಂಚನ್ನು ಒತ್ತಿದಳು. ಮೂರು ಬದಿ ಕಡಬಿನಂತೆ ಮಡಿಚಿಕೊಂಡವು. ನಾಲ್ಕನೆಯ ಬದಿ ಮಾತ್ರ ಹಟ ಹಿಡಿಯಿತು, ಹರಳು ಇನ್ನೂ ಸಣ್ಣಗೆ ಅಲುಗುತ್ತಿತ್ತು. ಕೆಳಗಿನಿಂದ ಹಿಡಿದ ಪಾಕ ಮೇಲಿನಿಂದ ಹಿಡಿಯಲಾರದೇ? ಇನ್ನೊಂದು ಸೌಟು ಬಿಸಿ ಪಾಕವನ್ನು ಹರಳಿನ ಮೇಲೆಯೇ ಹೊಯ್ದಳು. ಹರಳೂ ಬೆಳ್ಳಿಯೂ ಪೂರ್ತಿ ಮುಳುಗಿ ತಾಟಿನಲ್ಲಿ ಉಳಿದದ್ದು ಒಂದು ಬೆಲ್ಲದ ಗಟ್ಟಿ ಬಿಲ್ಲೆ. ಅದು ಆರಲೆಂದು ಹಿತ್ತಿಲ ಕಟ್ಟೆಯ ಮೇಲಿಟ್ಟಳು.

ಅಲ್ಲೇ ಕಾಯುತ್ತ ಕುಳಿತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಷ್ಟು ದೊಡ್ಡ ಶೋಧವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಹೇಗೆ? ಪಕ್ಕದ ಮನೆಯ ನೀಲಮಳಿಗೆ ಹೇಳಲು ಹೋದಳು. ಅರ್ಧ ತಾಸು ಹೇಳಿದಳು. ತಿರುಗಿ ಬಂದು ನೋಡಿದರೆ ತಾಟು ನೆಲದಲ್ಲಿ! ತಾಟಿನಲ್ಲಿ ನಾಲ್ಕು ಚೂರು ಬೆಲ್ಲ! ಆ ಚೂರುಗಳನ್ನು ಸಾವಧಾನವಾಗಿ ನೆಕ್ಕುತ್ತಿರುವುದು ಮನೆಯ ಆಡು!

ಹೊಳೆವ್ವ ತಾಟು ತಡಕಿದಳು, ನೆಲ ತಡಕಿದಳು, ಆಡಿನ ಬಾಯೊಳಗೆ ಕೈ ಹಾಕಿ ತಡಕಿದಳು. ಹರಳಿಲ್ಲ, ಬೆಳ್ಳಿಯಿಲ್ಲ. ಲಕ್ಕವ್ವನ ತಾಯಿಯ ನತ್ತಿನ ಹರಳು ಆಡಿನ ಹೊಟ್ಟೆ ಸೇರಿತ್ತು! ಹೋದದ್ದು ಹೊರಗೆ ಬರಲೇಬೇಕು ಎಂಬ ಒಂದೇ ಧೈರ್ಯದಿಂದ ಅವಳು ಆಡನ್ನು ಗೂಟಕ್ಕೆ ಬಿಗಿದು, ಹಿಟ್ಟಿನ ಸಾಣಿಗೆ ಹಿಡಿದು, ಅದರ ಹಿಂದೆ ಕುಳಿತಳು. ಆಡು ಹಿಕ್ಕೆ ಹಾಕಿತು. ಹೊಳೆವ್ವ ಒಂದೊಂದನ್ನೇ ಕಡ್ಡಿಯಿಂದ ಒಡೆದು ನೋಡಿದಳು.

ಲಕ್ಕವ್ವ ಎಲೆ ಅಡಿಕೆ ಮೆಲ್ಲುತ್ತ ಹಿತ್ತಿಲಿಗೆ ಬಂದಳು.

"ಬೀಗತಿ, ಏನ ಮಾಡಾಕತ್ತಿ?"

"ಆಡಿಗೆ ಹೊಟ್ಟಿ ಸರಿ ಇಲ್ಲ. ನೋಡಾಕತ್ತೇನಿ."

"ಸಾಣಿಗಿ ಹಿಡದನ?"

"ಹ್ಞೂಂ. ಹಿಂಗ ನೋಡಿದ್ರ ಬ್ಯಾನಿ ತಿಳೀತೈತಿ."

"ಅವ್ವಯ್ಯ! ಮನಿಯಾಗ ನರ್ಸ ಒಬ್ಬಾಕಿನ ಅದಾಳ ಅಂತ ತಿಳಕೊಂಡಿದ್ದೆ," ಎಂದು ಲಕ್ಕವ್ವ ಅಲ್ಲೇ ಕಲ್ಲಿನ ಮೇಲೆ ಕುಳಿತಳು. "ಮತ್ತ ಉಂಗರ ಎಲ್ಲಿಗೆ ಬಂತು?"

"ಬರಾಕತ್ತೈತಿ... ಹಾದ್ಯಾಗ ಐತಿ," ಎಂದಳು ಹೊಳೆವ್ವ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ!

ಮಧ್ಯಾಹ್ನವಾದರೂ ಹರಳು ಬರಲಿಲ್ಲ. ಹೊಳೆವ್ವ ದಾರಿ ಸುಗಮವಾಗಲೆಂದು ಆಡಿಗೆ ಔಡಲೆಣ್ಣೆ ಕುಡಿಸಿದಳು. ದಾರಿ ಎಷ್ಟು ಸುಗಮವಾಯಿತೆಂದರೆ ಸಾಣಿಗೆಯ ಕೆಲಸ ಮುಗಿದು ಕೊಡಪಾನದ ನೀರಿನ ಕೆಲಸ ಶುರುವಾಯಿತು! ಹೊಲದಿಂದ ಬಂದ ಭೀಮಸಿ ಆಡಿನ ಅವಸ್ಥೆ ಕಂಡು ಗಾಬರಿಯಾದ. ಅವನ ಗಾಬರಿ ಕಂಡು ನೀಲಮ ಓಡಿಬಂದು, "ಯಾವ ರೋಗನೋ ಏನೋ, ನಮ್ಮವು ಆರ ಅದಾವಪಾ!" ಎಂದು ಬಾಯಿ ಬಡಿದುಕೊಂಡಳು. ಸಂಜೆಯೊಳಗೆ ಓಣಿಯ ಆಡುಗಳೆಲ್ಲ ಮನೆಯೊಳಗೆ, ಮಂದಿಯೆಲ್ಲ ಹೊಳೆವ್ವನ ಹಿತ್ತಿಲಿನಲ್ಲಿ! ದನದ ಡಾಕ್ಟರ್ ವಿಕ್ರಾಂತ ಮೋಟಾರ್ ಸೈಕಲ್ ಮೇಲೆ ಬಂದವನೇ ಆಡಿನ ಕಣ್ಣು ನೋಡಿದ, ನಾಲಿಗೆ ನೋಡಿದ, ಬಾಯಿ ಮೂಸಿದ.

"ಅಜ್ಜಿ, ಆಡಿಗೆ ಯಾವ ರೋಗಾನೂ ಆಗಿಲ್ಲ. ಔಡಲೆಣ್ಣಿ ಆಗೈತಿ. ಯಾರ ಕುಡಿಸಿದ್ರು?"

ಓಣಿಯೇ ಹೊಳೆವ್ವನ ಮುಖ ನೋಡಿತು. ಅವಳು ಆಡಿನ ಮುಖ ನೋಡಿದಳು. ಈ ಲೋಕದಲ್ಲಿ ತಾನೊಂದೇ ನಿರಪರಾಧಿ ಎಂಬಂತೆ ಆಡು "ಮ್ಯಾ" ಎಂದಿತು.

ಭಾನುವಾರ ಮುಂಜಾನೆ ಹೊಳೆವ್ವನ ಧೈರ್ಯವೆಲ್ಲ ಕರಗಿತ್ತು. ಆಡು ಖಾಲಿಯಾಗಿತ್ತು, ಹರಳು ಬಂದಿರಲಿಲ್ಲ. ಲಕ್ಕವ್ವನೊಬ್ಬಳೇ ಹಿತ್ತಿಲಿನಲ್ಲಿ ಕುಳಿತಿದ್ದಾಗ ಹೋಗಿ ಪಕ್ಕದಲ್ಲಿ ಕುಸಿದಳು.

"ಯಕ್ಕಾ, ನಿಮ್ಮವ್ವನ ಹರಳ ಕಳದೆ. ಅರಗ ತರೂದ ಬಿಟ್ಟು ಬೆಲ್ಲದಾಗ ಹುಗದೆ. ಆಡ ತಿಂತು. ನಾ ಪತ್ತಾರಕಿ ಅಲ್ಲ, ಏನೂ ಅಲ್ಲ, ಸೊಕ್ಕಿನ ಮುದಕಿ. ನೀ ಏನ ಬೇಕಾದ್ರೂ ಅನ್ನು." ಅವಳ ಕಣ್ಣಿಂದ ನಿಜವಾಗಿಯೂ ನೀರು ಇಳಿಯಿತು.

ಲಕ್ಕವ್ವ ಅತ್ತ ಇತ್ತ ನೋಡಿದಳು. ಮಗಳು ಒಳಗಿರುವುದನ್ನು ಖಾತ್ರಿ ಮಾಡಿಕೊಂಡಳು. ಆಮೇಲೆ ಸೊಂಟದ ಎಲೆಸಂಚಿಯ ಒಳಪದರಕ್ಕೆ ಬೆರಳು ಹಾಕಿ, ಬೆಳ್ಳಿಯ ಪಟ್ಟಿಯನ್ನು ಹೊರತೆಗೆದಳು. ಮೇಲೆ ಕೆಂಪು ಹರಳು ಕೆಂಡದಂತೆ ಹೊಳೆಯಿತು!

"ಅಯ್ಯ! ಎಲ್ಲಿತ್ತಬೇ ಇದು?"

"ಸಣ್ಣಗ ಮಾತಾಡು! ಮೊದಲ ರಾಜಿಗೆ ಹೇಳೂದಿಲ್ಲಂತ ಆಣಿ ಮಾಡು."

ಹೊಳೆವ್ವ ಆಣೆ ಮಾಡಿದಳು.

"ಎರಡ ವರ್ಷ ಆತು, ಬಾಯಾಗ ಬೆಲ್ಲ ಹಾಕಿಲ್ಲ. ನಿನ್ನಿ ಆ ವಾಸನಿ ಬಂತ ನೋಡು, ಜೀವ ತಡೀಲಿಲ್ಲ. ನೀ ನೀಲಮನ ಮನಿಗೆ ಹೋದಿ, ನಾ ಬೆಲ್ಲದ ತುಂಡ ಮುರಕೊಂಡು ಬಣಿವಿ ಹಿಂದ ಹೋದೆ. ದವಡ್ಯಾಗ ಇಟ್ಟ ಕಡದ್ರ ಕಟ್ ಅಂತು. ತಗದ ನೋಡಿದ್ರ ನಮ್ಮವ್ವ!"

"ಮತ್ತ ನಿನ್ನಿನ ಹೇಳಬಾರದೇನ? ಆ ಮೂಕ ಪ್ರಾಣಿಗೆ ಎಣ್ಣಿ ಕುಡಿಸಿ ಕೊಂದೆನಲ್ಲ!"

"ಹೇಳಿದ್ರ ಬೆಲ್ಲ ತಿಂದದ್ದ ರಾಜಿಗೆ ತಿಳೀತಿತ್ತು. ಆಡ ಕಂಡ ನನಗೂ ಭಾಳ ಪಾಪ ಅನಸ್ತು," ಎಂದಳು ಲಕ್ಕವ್ವ. "ನಿನ್ನ ಕಂಡ ಅಷ್ಟ ಅನಸಲಿಲ್ಲ."

ಹೊಳೆವ್ವ ಹರಳನ್ನು ಬೆರಳಿನಿಂದ ಒತ್ತಿ ನೋಡಿದಳು. ಅಲುಗಲಿಲ್ಲ! ಮೊಳೆಗೆ, ಚಮಚಕ್ಕೆ, ಇಕ್ಕಳಕ್ಕೆ ಬಗ್ಗದ ನಾಲ್ಕನೆಯ ಬದಿ ಒಳಕ್ಕೆ ಮಡಿಚಿಕೊಂಡು, ಹರಳನ್ನು ಅಪ್ಪಿ ಹಿಡಿದಿತ್ತು. ಆ ಬೆಳ್ಳಿಯ ಅಂಚಿನಲ್ಲಿ ಲಕ್ಕವ್ವನ ದವಡೆಯ ಗುರುತು ಹೂವಿನ ಎಸಳಿನಂತೆ ಮೂಡಿತ್ತು.

ಪಟ್ಟಿಯನ್ನು ಲಟ್ಟಣಿಗೆಯ ಹಿಡಿಕೆಗೆ ಸುತ್ತಿ ಬಗ್ಗಿಸಿ ಉಂಗುರ ಮಾಡಿ, ಸೋಮವಾರ ಮಾಯಾಳ ಬೆರಳಿಗೆ ತೊಡಿಸಿದರು. ಸಂಜೆ ಅವಳು ಕುಣಿಯುತ್ತ ಬಂದಳು.

"ಆಯೀ! ಎಲ್ಲಾರೂ ನನ್ನ ಉಂಗರಾನ ನೋಡಾಕತ್ತಿದ್ರು! ಈ ಅಂಚಿನ ಮ್ಯಾಲ ಎಸಳ ಎಸಳ ಡಿಸೈನ್ ಐತಲ್ಲ, ಇಂಥಾದ್ದ ಎಲ್ಲೂ ನೋಡಿಲ್ಲ ಅಂದ್ರು. ನಮ್ಮ ಆಯಿ ಕೈಲೆ ಮಾಡಿದ್ದ ಅಂತ ಹೇಳಿದೆ. ಎಂಟ ಮಂದಿ ಇದ ಡಿಸೈನ್ ಬೇಕಂದಾರ. ಹೂಂ ಅಂದ ಬಂದೇನಿ!"

ರಾಜೇಶ್ವರಿ ಮೊದಲ ಬಾರಿಗೆ ಅತ್ತೆಯನ್ನು ಹೆಮ್ಮೆಯಿಂದ ನೋಡಿದಳು. ಹೊಳೆವ್ವ ತಲೆ ತಗ್ಗಿಸಿ, ಕೊಗನೊಳ್ಳಿಗೆ ಹೊರಡಲು ಚೀಲ ಕಟ್ಟುತ್ತಿದ್ದ ಬೀಗತಿಯ ಪಕ್ಕಕ್ಕೆ ಸರಿದು, ಕಿವಿಯಲ್ಲಿ ಕೇಳಿದಳು:

"ಯಕ್ಕಾ, ನಿನ್ನ ಬಾಯಾಗ ಇನ್ನ ಎಷ್ಟ ಹಲ್ಲ ಅದಾವು?"

ಲಕ್ಕವ್ವ ನಾಲಿಗೆಯಿಂದ ದವಡೆಯನ್ನೆಲ್ಲ ಒಂದು ಸುತ್ತು ತಡಕಿ ನೋಡಿದಳು.

"ನಾಕ ಅದಾವು," ಎಂದಳು. ಆಮೇಲೆ ಕಟ್ಟುತ್ತಿದ್ದ ಚೀಲವನ್ನು ಮೆಲ್ಲಗೆ ಬಿಚ್ಚತೊಡಗಿದಳು. "ಪಾಕಕ್ಕ ಈ ಸಲ ಯಾಲಕ್ಕಿ ಹಾಕತೀಯೇನ?"